ಶಮಶೇರಸಾಬರು ದೋಣಿಗೆ ನೀರು ಕುಡಿಸಿದ್ದು

ಗಳಗನಾಥದ ಹೊಳೆದಂಡೆಗೆ ಇಳಿಯುವ ನಮ್ಮ ದೋಣಿ ಓಣಿಯಲ್ಲಿ ಎದುರುಬದುರು ಮನೆಗಳ ನಡುವೆ ಆರು ಮೊಳ ಜಾಗವಿದೆ. ಆ ಅಳತೆಯನ್ನು ಗೊತ್ತುಮಾಡಿದವರು ದೋಣಿ ಕಟ್ಟುವವರು. ಬ್ಯಾಡಗಿ ಪೇಟೆಗೆ ಸಾಗುವ ಮೆಣಸಿನಕಾಯಿ ಚೀಲಗಳೂ ಎತ್ತಿನ ಬಂಡಿಗಳೂ ದೋಣಿಯ ಮೇಲೆಯೇ ಹೊಳೆ ದಾಟುತ್ತಿದ್ದ ಕಾಲದಲ್ಲಿ ಇಲ್ಲಿಯ ಏಳು ಅಂಗಳಗಳಲ್ಲಿ ದೋಣಿಗಳು ಸಿದ್ಧವಾಗುತ್ತಿದ್ದವು. ಐದು ಮೊಳ ಅಗಲದ ದೋಣಿ ನೀರಿಗಿಳಿಯಲು ಆರು ಮೊಳದ ದಾರಿ ಬೇಕು. ಹೀಗಾಗಿ ಇಲ್ಲಿ ಯಾರೂ ಬಾಗಿಲ ಮುಂದೆ ಕಟ್ಟೆ ಕಟ್ಟುತ್ತಿರಲಿಲ್ಲ.

ಆ ಏಳರಲ್ಲಿ ಉಳಿದದ್ದು ಶಮಶೇರಸಾಬರ ಅಂಗಳ ಒಂದೇ. ಸೇತುವೆಗಳಾದ ಮೇಲೆ ದೋಣಿ ಕೇಳುವವರು ಕಡಿಮೆಯಾದರು. ಸಾಬರು ಬಾಗಿಲು, ಕಿಟಕಿ, ತೊಟ್ಟಿಲು ಮಾಡಿ ಸಂಸಾರ ನಡೆಸಿದರು. ಅದಕ್ಕಾಗಿ ಕೊರಗಿದವರಲ್ಲ. "ತೊಟ್ಟಿಲಾ ಮಾಡೂದು ಸಣ್ಣ ಕೆಲಸೇನು? ಅದರಾಗ ಮಲಗೋರು ನನ್ನ ಗಿರಾಕಿಗಿಂತ ಜೋರಾಗಿ ಒದರ್ತಾರ" ಎನ್ನುತ್ತಿದ್ದರು.

2004ರಲ್ಲಿ, ಹೊಳೆಯ ಕಡೆಗೆ ಎರಡು ಮನೆ ಆಚೆಯ ಕರೆವ್ವನಿಗೆ ಶೌಚಾಲಯ ಕಟ್ಟಲು ಸರ್ಕಾರದ ಸಹಾಯ ಬಂತು. ಜಾಗವಿದ್ದದ್ದು ಬಾಗಿಲ ಮುಂದೆ ಮಾತ್ರ. ಆಕೆ ಸಾಬರನ್ನು ಕೇಳಲು ಬಂದಳು.

"ಕಟ್ಟವಾ ತಂಗಿ. ಹೆಣ್ಣುಮಕ್ಕಳು ಕತ್ತಲಿ ಕಾಯೂದು ತಪ್ಪಲಿ. ಇನ್ನ್ಯಾವ ದೋಣಿ ಬರತೈತಿ ಇಲ್ಲೆ?" ಎಂದು ಅವರೇ ಮಾತು ಕೊಟ್ಟರು. ಗೋಡೆ ಎರಡು ಮೊಳ ಮುಂದೆ ಬಂತು.

ಮೂರು ವರ್ಷಗಳ ತರುವಾಯ ಅಂಬಿಗರ ಮೈಲಪ್ಪ, ಬೈಕುಗಳನ್ನು ದಾಟಿಸಲು ಒಂದು ದೋಣಿ ಬೇಕೆಂದು ಬಂದ. ಸಾಬರು ಮತ್ತಿ ಮರದ ಹಲಗೆಗಳನ್ನು ಜೋಡಿಸಿ, ಸಂದಿಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುಂಬಿ, ಎರಡು ತಿಂಗಳಲ್ಲಿ ಮುಗಿಸಿದರು. ಅಗಲ, ತಂದೆಯ ಕಾಲದಿಂದ ಬಂದ ಐದು ಮೊಳ. ಓಣಿಯನ್ನು ಅಳೆಯುವ ಪದ್ಧತಿ ಆ ಮನೆತನದಲ್ಲಿ ಇರಲೇ ಇಲ್ಲ. ಒಯ್ಯಲು ಬಂದ ಮೈಲಪ್ಪ ಶೌಚಾಲಯದ ಗೋಡೆಯ ಮುಂದೆ ನಿಂತುಬಿಟ್ಟ.

"ಸಾಬರ, ಇದು ಹೊಳಿಗೆ ಬರೂದೋ, ನಿಮ್ಮ ಅಂಗಳದಾಗ ಸಂಸಾರ ಮಾಡೂದೋ?"

"ದಿನಾ ಅದರ ಮುಂದ ಹಾದು ಚಾ ಕುಡ್ಯಾಕ ಹೋಗ್ತಾರ. ಗೋಡಿ ಕಂಡಿಲ್ಲಂತ" ಎಂದಳು ಸಾಬರ ಹೆಂಡತಿ ಮೆಹಬೂಬಿ.

ಕರೆವ್ವ ಹೊರಬಂದಳು. "ಕಾಕಾ, ಗೋಡಿ ಕೆಡವ್ರಿ. ಮತ್ತ ಕಟ್ಟಿದ್ರಾತು."

"ಕಟ್ಟಂತ ಹೇಳಿದ ಬಾಯಿಲೆ ಕೆಡವಂತ ಹೇಳೂದಿಲ್ಲ."

"ಹಂಗಾದ್ರ ಮಗ್ಗಲಾ ಮಾಡಿ ಒಯ್ಯೂಣು" ಎಂದ ಮೈಲಪ್ಪ. ಹೇಳಿದ ಮೇಲೆ ತಾನೇ ತಲೆ ತಗ್ಗಿಸಿದ. ಹೊಸ ದೋಣಿ ನೀರು ಕುಡಿಯುವ ಮೊದಲು ಮಗ್ಗುಲಾಗಬಾರದು. ಒಣ ಹಲಗೆಗಳ ಬೆಸುಗೆ ಬಿಡುತ್ತದೆ. ಇದು ಓಣಿಯಲ್ಲಿ ಎಲ್ಲರೂ ಬಲ್ಲ ನಿಯಮ. "ಮಳಿ ಹಿಡಿಯೂದ್ರೊಳಗ ದೋಣಿ ಬೇಕ್ರಿ. ಇಲ್ಲಂದ್ರ ಬ್ಯಾರೆ ಕಡೆ ನೋಡತೇನಿ" ಎಂದು ಹೋದ.

ಕೊಟ್ಟ ಮಾತು ಉಳಿಯಬೇಕು, ದೋಣಿಯೂ ಹೊಳೆ ಸೇರಬೇಕು. ಸಾಬರು ಮಧ್ಯಾಹ್ನವೆಲ್ಲ ದೋಣಿಯ ಅಂಚಿನ ಮೇಲೆ ಕುಳಿತರು. ಮರುದಿನ ಬೆಳಿಗ್ಗೆ ಕೊಡ ಹಿಡಿದು ಹೊಳೆಗೆ ಇಳಿದರು. ಮೊದಲ ಕೊಡವನ್ನು ದೋಣಿಯೊಳಗೆ ಸುರಿದಾಗ ಮೆಹಬೂಬಿ ಹಣೆ ಬಡಿದುಕೊಂಡಳು.

"ಹೊಳಿಗೆ ದೋಣಿ ಹಾಕೂದು ನೋಡೇನಿ. ದೋಣಿಗೆ ಹೊಳಿ ಹಾಕೂದು ಇವತ್ತ ನೋಡಿದೆ."

"ನೀರು ಕುಡೀಬೇಕಂತ ನಮ್ಮ ಅಪ್ಪ ಹೇಳ್ಯಾನ. ಎಲ್ಲಿ ಕುಡೀಬೇಕಂತ ಹೇಳಿಲ್ಲ."

ಕರೆವ್ವ ಕೊಡ ತಂದಳು. ಆಕೆಯ ಹಿಂದೆ ನಾವು ಓಣಿಯ ಹೆಂಗಸರೆಲ್ಲ ಬಂದೆವು. ಮೊದಲ ದಿನ ಸುರಿದ ನೀರೆಲ್ಲ ಸೋರಿ ಅಂಗಳ ಕೆಸರಾಯಿತು. ಎರಡನೆಯ ದಿನ ಸೋರುವುದು ಕಡಿಮೆಯಾಯಿತು. ಮೂರನೆಯ ದಿನ ಹಲಗೆಗಳು ಉಬ್ಬಿ ಒಂದನ್ನೊಂದು ಅಪ್ಪಿಕೊಂಡವು; ತಳದ ಕೆಳಗೆ ಕೈಯಿಟ್ಟರೆ ಒದ್ದೆಯಿರಲಿಲ್ಲ. ಸಾಬರು ನೀರನ್ನು ಮೊಗೆದು ಚೆಲ್ಲಿಸಿ, ದೋಣಿಯನ್ನು ಮಗ್ಗುಲಾಗಿಸಿ, ಉರುಳುಮರಗಳ ಮೇಲೆ ಓಣಿಗೆ ತಂದರು. ಗೋಡೆಯ ಹತ್ತಿರ ಸಾಬರು ಒಂದು ಅಂಗೈಯನ್ನು ಹಲಗೆಗೂ ಇನ್ನೊಂದನ್ನು ಗೋಡೆಗೂ ಒತ್ತಿ ನಡೆದರು. ಎರಡಕ್ಕೂ ಪೆಟ್ಟಾಗಲಿಲ್ಲ.

ಹೊಳೆಗಿಳಿದ ಹೊಸ ದೋಣಿಯಲ್ಲಿ ಕಟ್ಟಿದವರು ಮೊದಲು ಕೂರುವುದು ರೂಢಿ. ನೀರು ಹೊತ್ತವಳೂ ಕಟ್ಟಿದವಳೇ ಎಂದು ಸಾಬರು ಕರೆವ್ವನನ್ನೂ ಹತ್ತಿಸಿಕೊಂಡರು. ಸುದ್ದಿ ಕೇಳಿ ಬಂದಿದ್ದ ಮೈಲಪ್ಪ ಹುಟ್ಟು ಹಾಕಿದ. ನಡುಹೊಳೆಯಲ್ಲಿ ಕರೆವ್ವ ಬಾಗಿ, ಸಂದಿಸಂದಿಗೂ ಬೆರಳಾಡಿಸಿ ನೋಡಿದಳು.

"ಒಂದು ಹನಿ ಇಲ್ಲ, ಕಾಕಾ."

ಸಾಬರು ಆಚೆ ದಂಡೆಯನ್ನೇ ನೋಡುತ್ತ ತಲೆಯಾಡಿಸಿದರು.