ಮಂಗಳವಾರ ತುಂಬದ ಉಡಿ

ತಾಂಡೂರಿನಲ್ಲಿ ಹೊರಗಿನಿಂದ ಬಂದವರನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಒಂದು ತಟ್ಟೆಯಲ್ಲಿ ರಾಜಸ್ಥಾನದಿಂದ ಬಂದ ಮಾರವಾಡಿಗಳು, ಇನ್ನೊಂದರಲ್ಲಿ ಒಡಿಶಾ, ಬಿಹಾರಗಳಿಂದ ಬಂದ ಕೂಲಿಯವರು. ಮೊದಲಿನವರು ಸೈಕಲ್ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಬಂದು ಈಗ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದ್ದಾರೆ. ಎರಡನೆಯವರು ನೆಲಕ್ಕೆ ಹಾಸುವ ಪರ್ಶಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಗಳ ಹಿಂದೆ, ತಗಡಿನ ಕೋಣೆಗಳಲ್ಲಿ, ಬಂದಾಗ ಹೇಗಿದ್ದರೋ ಹಾಗೇ ಇದ್ದಾರೆ. ಕಿರಾಣಿ ಅಂಗಡಿಯ ಮುಂದೆ, ನಳದ ಹತ್ತಿರ, ಮದುವೆಯ ಪಂಕ್ತಿಯಲ್ಲಿ ಈ ಮಾತು ಬಾರದೆ ಇರುವುದಿಲ್ಲ. "ಅವರೂ ಬಂದೋರೇ, ಇವರೂ ಬಂದೋರೇ. ಅವರಿಗಿ ನೋಡ್ರಿ, ಇವರಿಗಿ ನೋಡ್ರಿ" ಎನ್ನುತ್ತಾರೆ. ನಾನೂ ಅನ್ನುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ಈಗ ಆ ಮಾತು ಕಿವಿಗೆ ಬಿದ್ದರೆ ಹಳಸಿದ ಸಾರಿನ ಮುಚ್ಚಳ ತೆಗೆದ ಹಾಗೆ ಆಗುತ್ತದೆ.

ನಾನು ಬ್ಲೌಸ್ ಹೊಲಿಯುವವಳು. ತವರು ಕಂಗ್ಟಿ ಕಡೆಯ ಗಡಿ ಹಳ್ಳಿ. ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದೆ. ಮುಂದೆ ಕಲಿಯಬೇಕೆಂದರೆ ನಾರಾಯಣಖೇಡಕ್ಕೆ ಹೋಗಬೇಕು, ಅಲ್ಲಿ ತೆಲುಗು ಪಾಠ. ಅಪ್ಪ ಬೇಡ ಅಂದ, ನನಗೂ ಹೊಲಿಗೆ ಮಷೀನೇ ಚೆನ್ನಾಗಿ ಕಂಡಿತು. ಮದುವೆಯಾಗಿ ತಾಂಡೂರಿಗೆ ಬಂದೆ. ಗಂಡ ಕಲ್ಲಿನ ಲಾರಿ ಓಡಿಸುತ್ತಾನೆ. ನೋಡಿದರೆ ನಾನೂ ಹೊರಗಿನಿಂದ ಬಂದವಳೇ. ಆದರೆ ತಕ್ಕಡಿ ಹಿಡಿದವರು ತಮ್ಮನ್ನು ಯಾವ ತಟ್ಟೆಯಲ್ಲೂ ಇಟ್ಟುಕೊಳ್ಳುವುದಿಲ್ಲ.

ನನಗೆ ಒಬ್ಬಳೇ ತಂಗಿ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಜಹೀರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮಾರ್ಕೆಟ್ಟಿನಲ್ಲಿ ಶುಂಠಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಪಕ್ಕದಲ್ಲೊಂದು ಹೊಸ ಕಟ್ಟಡಕ್ಕೆ ನೆಲದ ಕಲ್ಲು ಹಾಸಲು ಬಂದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವನು ಒಡಿಶಾದವನು. ನಾನು ಅವನನ್ನು ಬಹಳ ದಿನ 'ಬಿಹಾರಿ' ಅಂತಲೇ ಕರೆದೆ. ಒಡಿಶಾ ಬೇರೆ, ಬಿಹಾರ ಬೇರೆ ಎಂದು ತಂಗಿ ಹೇಳಿದಾಗ, "ಎಲ್ಲಾ ಒಂದೇ ರೈಲಿನಾಗ ಬರ್ತಾವಲ್ಲ" ಅಂದೆ. ಜನಕ್ಕೆ 'ಬರ್ತಾವ' ಅಂದದ್ದು ನಾನು, ದನಕ್ಕೆ ಅನ್ನುವ ಹಾಗೆ.

ಆಮೇಲೆ ಅವನಿಗೆ ತಾಂಡೂರಿನಲ್ಲೇ ಪಾಲಿಶ್ ಕೆಲಸ ಸಿಕ್ಕಿತು. ಯಾಲಾಲ್ ರಸ್ತೆಯ ಕಡೆಯ ತಗಡಿನ ಕೋಣೆಗೆ ತಂಗಿ ಬಂದಳು. ನನ್ನ ಮನೆಗೂ ಅವಳ ಮನೆಗೂ ಒಂದು ಆಟೋದ ದೂರ. ಜಹೀರಾಬಾದಿನಲ್ಲಿದ್ದಾಗಲೇ ಚೆನ್ನಾಗಿತ್ತು ಅನಿಸಿತು ನನಗೆ. ಅವನು ಮೊದಲ ಸಲ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋದ ಮೇಲೆ ಆ ಗ್ಲಾಸನ್ನು ಬೂದಿ ಹಚ್ಚಿ ತಿಕ್ಕಿದೆ, ಮತ್ತೆ ತಿಕ್ಕಿದೆ. ಅವನ ಕಿವಿಯ ಹಿಂದೆ ಒಣಗಿದ ಕಲ್ಲಿನ ಕೆಸರು, ಅಂಗಿಗೆ ಸಾಸಿವೆ ಎಣ್ಣೆಯ ವಾಸನೆ. ಗ್ಲಾಸನ್ನು ಕೊನೆಗೆ ಕಿಟಕಿಯ ಮೇಲೆ ಬೇರೆಯಾಗಿ ಇಟ್ಟೆ. ಹಾಗೆ ಬೇರೆ ಇಟ್ಟ ಗ್ಲಾಸಿನಲ್ಲಿ ಕುಡಿದವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅದನ್ನು ಕಂಡು ಬೆಳೆದವಳು ನಾನು. ಕಂಡು ಕಲಿತದ್ದು ಮಾತ್ರ ಗ್ಲಾಸು ಇಡುವುದನ್ನು.

ನಮ್ಮ ಎದುರು ಮನೆ ಮಾರವಾಡಿಗಳದು. ಆ ಮನೆಯ ಮುದುಕಿಗೆ ನಾನು ಮಾಜೀ ಅನ್ನುತ್ತೇನೆ. ಅವರ ಮನೆಯ ಹೆಣ್ಣುಮಕ್ಕಳ ಬ್ಲೌಸೆಲ್ಲ ನನ್ನ ಕೈಯಿಂದಲೇ. ಮಾಜೀ ಒಳಗೆ ಬಂದರೆ ನಾನು ಮಷೀನು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದೆ. ಅವರ ಚಿಕ್ಕ ಸೊಸೆ ತವರಿಗೆ, ರಾಜಸ್ಥಾನಕ್ಕೆ, ಹೊರಟಿದ್ದಳು. ಬುಧವಾರ ಹೊರಡುವುದಿತ್ತು. ನಮ್ಮ ಪದ್ಧತಿಯಂತೆ ಅವಳಿಗೆ ಉಡಿ ತುಂಬಿ ಕಳಿಸೋಣವೆಂದು ಹಿಂದಿನ ದಿನವೇ ತಟ್ಟೆ ಸಿದ್ಧ ಮಾಡಿ ಗೂಡಿನಲ್ಲಿಟ್ಟಿದ್ದೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕೊಂಬು, ಕುಪ್ಪಸಕ್ಕೆ ಹಸಿರು ಕಣ.

ಆ ಮಂಗಳವಾರ ಮಧ್ಯಾಹ್ನ ತಂಗಿ ಬಂದಳು. ಹೊಟ್ಟೆ ಮುಂದೆ ಬಂದಿತ್ತು. ಚೊಚ್ಚಲ ಹೆರಿಗೆ. ಕುಳಿತು ನೀರು ಕುಡಿದು ನೇರವಾಗಿ ಕೇಳಿದಳು.

"ಅಕ್ಕಾ, ಹೆರಿಗಿ ಆಗೋತನ ನಿನ್ನ ಮನಿಯಾಗ ಇರ್ತೀನಿ. ಹಿಂದಿನ ಕೋಲ್ಯಾಗ ಬಟ್ಟಿ ಗಂಟ ಅವ ಅಷ್ಟೇ ಅಲ್ಲೇನು? ಒಂದು ಮಗ್ಗಲಿಗಿ ಸರಸಿದ್ರ ಆತು."

"ನಿಮ್ಮ ಮಾಮಾ ಲಾರಿ ಮ್ಯಾಲ ಹೋಗ್ಯಾನ. ಬರಲಿ, ಕೇಳ್ತೀನಿ."

"ಮಾಮಾ ಒಲ್ಲೆ ಅಂತಾನೇನು? ನಿನಗಿಂತ ಅವನೇ ನನ್ನ ಕಡಿ ಹೆಚ್ಚು."

ಅದು ನಿಜ. ಗಂಡನ ಹೆಸರು ಹೇಳಿದ್ದು ನೆಪಕ್ಕೆ. ನನ್ನ ತಲೆಯಲ್ಲಿ ಇದ್ದದ್ದು ಬೀದಿ. ತಂಗಿಯ ಗಂಡ ಹೆಂಡತಿಯನ್ನು ನೋಡಲು ದಿನಾ ಸಂಜೆ ಕೆಸರು ಮೈಯಲ್ಲಿ ಬರುತ್ತಾನೆ, ಮಾಜೀ ಗೇಟಿನಲ್ಲಿ ನಿಂತು ನೋಡುತ್ತಾಳೆ, ಆಮೇಲೆ ನನ್ನ ಕೈಯಲ್ಲಿ ಯಾರು ಬ್ಲೌಸ್ ಹೊಲಿಸುತ್ತಾರೆ? ಇದು ನನ್ನ ಲೆಕ್ಕ. "ಅಲ್ಲೇ ದವಾಖಾನಿ ಹತ್ರ ಅದಲ್ಲ, ಅಲ್ಲೇ ಇದ್ರ ಚೊಲೊ" ಅಂದೆ. ತಂಗಿ ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ.

ಹೋಗಲು ಎದ್ದವಳ ಕಣ್ಣು ಗೂಡಿನಲ್ಲಿದ್ದ ತಟ್ಟೆಯ ಮೇಲೆ ಬಿತ್ತು. ಮುಖ ಅರಳಿತು. ತನಗೇ ಇಟ್ಟದ್ದು ಅಂದುಕೊಂಡಳು. ಯಾಕೆ ಅಂದುಕೊಳ್ಳಬಾರದು? ನಮ್ಮ ಕಡೆ ಮನೆಯ ಮಗಳು, ಅದೂ ಬಸುರಿ, ತವರಿನಿಂದ ಬರಿ ಉಡಿಯಲ್ಲಿ ಹೋಗುವುದಿಲ್ಲ. ಕಷ್ಟಪಟ್ಟು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು.

ನಾನು ಅಲುಗಲಿಲ್ಲ. "ಇವತ್ತು ಮಂಗಳವಾರ ಅದ. ಉಡಿ ತುಂಬಾಕ ಬರಲ್ಲ" ಅಂದೆ.

ಒಡ್ಡಿದ ಸೆರಗು ಹಾಗೇ ಇತ್ತು. "ಮಂಗಳವಾರ ತುಂಬಾಕ ಬರಲ್ಲಂದ್ರ, ಮಂಗಳವಾರ ಮಗಳಿಗಿ ಕಳಸಾಕೂ ಬರಲ್ಲಲ್ಲಕ್ಕಾ" ಅಂದಳು ಮೆಲ್ಲಗೆ. "ಇವತ್ತೊಂದಿನ ಇರು ಅನ್ನು. ನಾಳಿ ತುಂಬು."

ಉತ್ತರ ಹೇಳುವ ಮೊದಲೇ ಬಾಗಿಲಲ್ಲಿ ಮಾಜೀ. ಸೊಸೆಯ ಬ್ಲೌಸ್ ಒಯ್ಯಲು ಬಂದಿದ್ದಳು. "ಯಾರು ಬೇಟಾ, ಈ ಬಸುರಿ ಹುಡುಗಿ?" ಎಂದು ಕೇಳಿದಳು.

"ಕೆಲಸ ಕೇಳಾಕ ಬಂದಾಳ್ರಿ ಮಾಜೀ. ಪಾಲಿಶ್ ಮಷೀನ ಕಡೆಯಾಕಿ."

ಯೋಚಿಸಿ ಹೇಳಿದ್ದಲ್ಲ. ಯೋಚಿಸದೆ ಬಂದದ್ದು ಅನ್ನುವುದೇ ಹೆಚ್ಚು ಹೇಸಿಗೆ. ತಂಗಿ ನೆಲಕ್ಕೆ ಕೈ ಊರಿ ಎದ್ದಳು. ಖಾಲಿ ಸೆರಗನ್ನು ಎರಡೂ ಕೈಯಿಂದ ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ನನಗೆ ಕೈ ಮುಗಿದು, "ಆತ್ರಿ ಬಾಯಾರ. ಕೆಲಸ ಇದ್ರ ಹೇಳಿ ಕಳಸ್ರಿ" ಅಂದು ಹೊರಟುಹೋದಳು. ನನ್ನ ಬೆನ್ನ ಮೇಲೆ ಕೂತು ಬೆಳೆದವಳು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ಮರುದಿನ ಅದೇ ತಟ್ಟೆಯಿಂದ ಮಾಜೀಯ ಸೊಸೆಗೆ ಉಡಿ ತುಂಬಿದೆ. ನಗುತ್ತಲೇ ತುಂಬಿದೆ. ಪಕ್ಕದಲ್ಲಿ ಕುಳಿತ ಮಾಜೀ ಹಳೆಯದೇನೋ ನೆನೆದು ನಗತೊಡಗಿದಳು. ಅವಳ ಕನ್ನಡಕ್ಕೆ ಮಾರವಾಡಿಯ ಎಳೆತ ಇದೆ, ಆದರೆ ಮಾತು ಪೂರ್ತಿ ನಮ್ಮದೇ.

"ನನಗ ಮೊದಲನೇ ಸಲ ಹಿಂಗ ಅಕ್ಕಿ ಹಾಕ್ದಾಗ ನಾ ಅತ್ತೀನಿ, ಬೇಟಾ. ಭೀಖ ಕೊಡ್ತಾಳ ಅಂತ ತಿಳಕೊಂಡೆ! ಮನಿ ಮಾಲಕಿ, ನಿಮ್ಮ ಕಡೆಯಾಕೀನೇ. ಆಕೀನೇ ನನಗ ಕನ್ನಡ ಕಲಸ್ದಾಕಿ. ನಮ್ಮೋರು ಸೈಕಲ್ ತಗೊಂಡು ಊರೂರು ತಿರಗತಿದ್ರು. ನನ್ನ ದೊಡ್ಡ ಮಗ ಆಕಿ ಮನಿಯಾಗೇ ಹುಟ್ಟ್ಯಾನ. ಓಣಿ ಮಂದಿ ಆಕಿಗಿ ಅಂತಿದ್ರು, ಇವರ ಮೈಯೆಲ್ಲಾ ಸಾಸಿವಿ ಎಣ್ಣಿ ನಾರ್ತದ, ಒಳಗ ಕರಕೋಬ್ಯಾಡ ಅಂತ. ಆಕಿ ಏನಂದ್ಳು ಗೊತ್ತೇನು? ಬಸುರಿ ಹೆಣ್ಣಮಗಳಿಗಿ ನಾ ವಾಸನಿ ನೋಡಿ ಜಾಗಾ ಕೊಡ್ತೀನೇನು ಅಂದ್ಳು."

ಅಂಗೈಯಲ್ಲಿದ್ದ ಅಕ್ಕಿ ಬೆರಳ ಸಂದಿಯಿಂದ ನೆಲಕ್ಕೆ ಉದುರಿತು. ಮಾಜೀ, "ಚೆಲ್ತಲ್ಲ ಬೇಟಾ" ಅಂದಳು.

ಅಂದಿನಿಂದ ತಕ್ಕಡಿಯ ಮಾತು ನನಗೆ ಬೇರೆಯಾಗಿ ಕೇಳಿಸತೊಡಗಿತು. ಮಾರವಾಡಿಗಳು ಬುದ್ಧಿವಂತರು, ಕಷ್ಟ ಪಟ್ಟವರು, ಅದು ಸುಳ್ಳಲ್ಲ. ಆದರೆ ಬಂದವನಿಗೆ ಉದ್ದರಿಯಲ್ಲಿ ಬಟ್ಟೆಯ ಗಂಟು ಕೊಡಲು ಅವರವರೇ ಯಾರೋ ಮೊದಲೇ ಇಲ್ಲಿದ್ದರು. ಹೆಂಡತಿಯನ್ನು ಇಟ್ಟುಕೊಳ್ಳಲು ಒಂದು ಮನೆ ಇತ್ತು. ಮಕ್ಕಳು ಒಂದೇ ಶಾಲೆಯಲ್ಲಿ ಕಲಿತರು. ಕಲ್ಲಿನವರನ್ನು ಕರೆತರುವವನು ಗುತ್ತೇದಾರ. ಅವನೇ ತಗಡಿನ ಕೋಣೆ ತೋರಿಸುತ್ತಾನೆ. ಒಂದು ಕಾರ್ಖಾನೆ ಮುಚ್ಚಿದರೆ ಇನ್ನೊಂದಕ್ಕೆ, ಮಗು ತೆಲುಗು ಅಕ್ಷರ ಹಿಡಿಯುವಷ್ಟರಲ್ಲಿ ಊರೇ ಬೇರೆ. ಹೆದ್ದಾರಿಯ ಮಿಠಾಯಿ ಅಂಗಡಿಗಳ ಹಿಂದೆ, ಒಲೆಯ ಪಕ್ಕದಲ್ಲೇ ಮಲಗಿ ಏಳುವ ರಾಜಸ್ಥಾನದ ಅಡಿಗೆಯವರೂ ಇದ್ದಾರೆ. ಅವರನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ, ತೂಕ ತಪ್ಪುತ್ತದಲ್ಲ. ಇಷ್ಟೆಲ್ಲ ತಿಳಿಯಲು ಹೆಚ್ಚಿನ ವಿದ್ಯೆ ಬೇಕಿರಲಿಲ್ಲ. ನನ್ನ ಎದುರು ಮನೆಯಲ್ಲೇ ಇತ್ತು.

ತಿಳಿದ ಕೂಡಲೇ ಓಡಿಹೋಗಿ ತಂಗಿಯನ್ನು ಕರೆತಂದೆ ಎಂದು ಬರೆಯಬಹುದಿತ್ತು. ಹೋಗಲಿಲ್ಲ. ನಾಳೆ, ನಾಡಿದ್ದು ಅನ್ನುತ್ತ ಬ್ಲೌಸ್ ಹೊಲಿಯುತ್ತ ಕುಳಿತೆ. ಒಂದು ದಿನ ಗಂಡ ಲಾರಿ ನಿಲ್ಲಿಸಿ ಒಳಗೆ ಬಂದವನು ಚಪ್ಪಲಿ ಕೂಡ ಬಿಡದೆ ಕೇಳಿದ.

"ನಿನ್ನ ತಂಗಿಗಿ ಹೆಣ್ಣು ಹುಟ್ಟ್ಯಾದ. ಕಲ್ಲು ತುಂಬೋ ಹಮಾಲ ಹೇಳ್ದ ನನಗ. ಸರಕಾರಿ ದವಾಖಾನ್ಯಾಗ ಆತಂತ. ಇಬ್ಬರೂ ಚೊಲೊ ಅದಾರ. ನಿನಗ ಗೊತ್ತಿತ್ತೇನು?"

"ಇಲ್ಲ."

"ಹಮಾಲಗ ಗೊತ್ತು, ಅಕ್ಕಗ ಗೊತ್ತಿಲ್ಲ. ಭಾಳ ಚೊಲೊ ಆತು" ಎಂದು ಹೊರಗೆ ಹೋಗಿ ಲಾರಿಯಲ್ಲೇ ಕುಳಿತ.

ಆಗಲೂ ತಡ ಮಾಡಿದೆ. ಬಾಣಂತಿಯ ಹಸಿಮೈ ಕಳೆಯಲಿ ಅನ್ನುವುದು ಹೊಸ ನೆಪ. ಕೊನೆಗೆ ಒಂದು ಬುಧವಾರ ಅಕ್ಕಿ, ಕಾಯಿ, ಕಣ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆ. ಕಲ್ಲು ಕೊಯ್ಯುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಗಟಾರದಲ್ಲಿ ಬೂದು ಬಣ್ಣದ ನೀರು ಗಂಜಿಯ ಹಾಗೆ ಹರಿಯುತ್ತಿತ್ತು. ಸೀರೆ ಎತ್ತಿ ಹಿಡಿದು ಮೂಗು ಮುಚ್ಚಿಕೊಂಡೇ ನಡೆದೆ.

ತಂಗಿಯ ಕೋಣೆಯ ನೆಲ ನೋಡಿ ಬಾಗಿಲಲ್ಲೇ ನಿಂತೆ. ಕಾರ್ಖಾನೆಯಲ್ಲಿ ಒಡೆದುಹೋದ ಪಾಲಿಶ್ ಕಲ್ಲಿನ ಚೂರುಗಳನ್ನು, ಹಳದಿ, ನೀಲಿ, ಬೂದು ಬಣ್ಣದವನ್ನು, ಆರಿಸಿ ತಂದು ಅವನು ಸಂದಿಲ್ಲದಂತೆ ಹಾಸಿದ್ದ. ಅದರ ಮೇಲೆ ಪಕ್ಕದ ಕೋಣೆಯ ಒಡಿಯಾ ಮುದುಕಿ ಕಾಲು ಚಾಚಿ ಕುಳಿತು ಮಗುವಿಗೆ ಸಾಸಿವೆ ಎಣ್ಣೆ ತಿಕ್ಕುತ್ತಿದ್ದಳು. "ಬರ್ರಿ, ಕೂಡ್ರಿ" ಅಂದಳು ತಂಗಿ. ಇನ್ನೂ 'ರಿ' ಬಿಟ್ಟಿರಲಿಲ್ಲ. ಅವಳ ಗಂಡ ಚಹಾ ತಂದುಕೊಟ್ಟ. ಕುಡಿದಿಟ್ಟ ಗ್ಲಾಸನ್ನು ಏನು ಮಾಡುತ್ತಾರೆ ಎಂದು ನನ್ನ ಕಣ್ಣು ಕಾಯುತ್ತಿತ್ತು. ಉಳಿದ ಗ್ಲಾಸುಗಳ ಜೊತೆಗೇ ಇಟ್ಟ.

ನಾನು ಚೀಲ ಬಿಚ್ಚಿ ಸಾಮಾನು ಹೊರಗಿಟ್ಟೆ. "ಸೆರಗು ಒಡ್ಡು" ಅಂದೆ.

ತಂಗಿ ಒಡ್ಡಲಿಲ್ಲ. "ಇಲ್ಲಿ ತುಂಬಾಕ ಬರಲ್ಲಕ್ಕಾ."

"ಇವತ್ತು ಬುಧವಾರ ಅದ."

ಅವಳಿಗೆ ನಗು ಬಂತು. "ವಾರದ ಮಾತಲ್ಲ. ಇದು ನನ್ನ ಮನಿ. ತವರಾಗಿಂದ ಹೊಂಟಾಗ ತುಂಬೋದು ಉಡಿ. ನಾ ಯಾವ ತವರಾಗಿಂದ ಹೊಂಟೀನಿ?"

ಮುದುಕಿ ಏನೆಂದು ಕೇಳಿದಳು. ತಂಗಿ ಹಿಂದಿಯಲ್ಲಿ ಏನೋ ಹೇಳಿದಳು. ಏನು ಹೇಳಿದಳೋ, ಮುದುಕಿ ನನ್ನ ಕಡೆ ನೋಡಲಿಲ್ಲ.

ನಾನು ಹೊರಡಲು ಎದ್ದೆ. ಆಗ ತಂಗಿ ಮೊರ ತಂದಳು. ಅದರಲ್ಲಿ ಅಕ್ಕಿ, ಒಂದು ತೆಂಗಿನಕಾಯಿ. "ಕೂಡು. ನನ್ನ ಮನಿಗಿ ಬಂದ ಮುತ್ತೈದಿ ನೀ. ಬರಿ ಉಡೀಲೆ ಕಳಸಬಾರದು ಅಂತಿದ್ಲು ಅವ್ವ." ನಾನು ಕುಳಿತು ಸೆರಗು ಒಡ್ಡಿದೆ. ಅವಳು ಬೊಗಸೆಯಿಂದ ಅಕ್ಕಿ ಹಾಕಿದಳು. ಭತ್ತವನ್ನು ಕುದಿಸಿ ಒಣಗಿಸಿ ಮಾಡಿದ ದಪ್ಪ ಅಕ್ಕಿ, ಅವರು ಊರಿನಿಂದ ತಂದದ್ದು. ಅದು ಉಡಿಗೆ ಬೀಳುತ್ತಿರುವಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತೇ? ಕುದಿಸಿದ ಅಕ್ಕಿ ಉಡಿಗೆ ಬರುವುದಿಲ್ಲ ಅನ್ನುವುದು. ಥೂ, ನನ್ನ ಜನ್ಮಕ್ಕೆ.

ಹೊರಡುವಾಗ ಹೇಳಿದೆ, "ಹಿಂದಿನ ಕೋಲಿ ಖಾಲಿ ಮಾಡ್ತೀನಿ. ಕೂಸಿಗಿ ಕರಕೊಂಡು ಬಾ. ಇದ್ದು ಹೋಗು."

"ನೋಡ್ತೀನಕ್ಕಾ" ಅಂದಳು. 'ರಿ' ಇರಲಿಲ್ಲ, ಅಷ್ಟೇ.

ನಮ್ಮ ಬೀದಿಯ ತಿರುವಿನಲ್ಲಿ ಆಟೋ ಇಳಿದಾಗ ಮಾಜೀ ಗೇಟಿನಲ್ಲಿ ನಿಂತಿದ್ದಳು. ನನ್ನ ಕೈ ತಾನಾಗಿಯೇ ಸೆರಗು ಎಳೆದು ಅಕ್ಕಿ ಮುಚ್ಚಿತು.

"ಏನದ ಬೇಟಾ ಉಡಿಯಾಗ?"

"ಅವತ್ತು ಬಂದಿದ್ಲಲ್ರಿ ಬಸುರಿ, ಆಕಿ ಹಾಕ್ಯಾಳ್ರಿ."

"ಕೆಲಸ ಕೇಳಾಕ ಬಂದಾಕಿ ನಿನಗ ಉಡಿ ತುಂಬ್ತಾಳೇನು?"

"ನನ್ನ ತಂಗಿ ರೀ ಆಕಿ" ಅಂದೆ. ಮಾಜೀ ನನ್ನ ಮುಖ ನೋಡುತ್ತ ನಿಂತಳು. ಬಯ್ಯಲಿಲ್ಲ. ಒಳಗೆ ಹೋಗಿ ಗೇಟು ಹಾಕಿಕೊಂಡಳು. ಬ್ಲೌಸ್ ಹೊಲಿಸುವುದನ್ನೇನೂ ಬಿಟ್ಟಿಲ್ಲ. ಬಟ್ಟೆಯನ್ನು ಈಗ ದೊಡ್ಡ ಸೊಸೆಯ ಕೈಯಲ್ಲಿ ಕಳಿಸುತ್ತಾಳೆ.

ಹಿಂದಿನ ಕೋಣೆ ಖಾಲಿ ಇದೆ. ಗಂಟುಗಳೆಲ್ಲ ಮಷೀನಿನ ಕೆಳಗೆ, ನನ್ನ ಕಾಲಿಗೆ ತೊಡರುತ್ತವೆ. ತಂಗಿ ಇನ್ನೂ ಬಂದಿಲ್ಲ. ಉಡಿಯ ಅಕ್ಕಿಯನ್ನು ಡಬ್ಬಿಯಲ್ಲಿಟ್ಟಿದ್ದೇನೆ. ಅದರಲ್ಲಿ ಹುಳ ಬೀಳುತ್ತವೆ. ಮೊರಕ್ಕೆ ಸುರಿದು ಹುಳ ಆರಿಸಿ ಮತ್ತೆ ತುಂಬಿಡುತ್ತೇನೆ. ಉಡಿ ಅಕ್ಕಿಯನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ, ಮನೆಯವರೇ ಉಣ್ಣಬೇಕು.

"ಅಡಗಿ ಮಾಡಬಾರದೇನು ಅದನ್ನ?" ಎನ್ನುತ್ತಾನೆ ಗಂಡ.

"ಆಕಿ ಬಂದಾಗ ಮಾಡ್ತೀನಿ."

"ಬರಲಿಲ್ಲಂದ್ರ?"

ನಾನು ಹುಳ ಆರಿಸುತ್ತೇನೆ.