ಅಕ್ಕನ ಅಂಗೈಗೆ ಸೇರಬೇಕಿದ್ದ ದಂಟು

"ಅರ್ಧ ನಿಂಗೆ, ಅರ್ಧ ನಂಗೆ. ಮರಳು ಬೆರೆಸಿ ಉದುರಿಸು, ಒತ್ತಾಗಿ ಹಾಕ್ಬೇಡ ಕಣೇ" ಎಂದು ಅಕ್ಕ ದಂಟಿನ ಬೀಜದ ಗಂಟು ಕೊಟ್ಟಳು. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಅವಳಿಗೆ ಹಬ್ಬದ ಭಾನುವಾರ ಗಾಡಿ ಬಿಟ್ಟು ಬಿತ್ತಲು ಬರಲು ಆಗುತ್ತಿರಲಿಲ್ಲ.

ಶಂಕರಪುರದ ಪಾರ್ಕಿನಲ್ಲಿ ಕಲಾವಿದೆಯೊಬ್ಬರು ಬೋರಲು ಮಲಗಿದ ದೊಡ್ಡ ಹೆಂಗಸಿನ ಮೂರ್ತಿಯನ್ನು ಮಣ್ಣಿನಲ್ಲಿ ಮಾಡಿಸುತ್ತಿದ್ದರು. ಮಾಡುವವರು ನಾವೇ, ಸುತ್ತಲಿನ ಜನ. ಮಣ್ಣು ತುಳಿಯಬೇಕು, ಮೆತ್ತಬೇಕು, ಅವಳ ಬೆನ್ನಿಗೆ ಅಂಗೈ ಒತ್ತಿ ಆ ಗುರುತಿನೊಳಗೆ ಮನೆಯ ಬೀಜ ಬಿತ್ತಬೇಕು. ಮೊಳೆತಾಗ ಬೆನ್ನ ತುಂಬ ಹಸಿರು ಕೈಗಳು! ಶನಿವಾರವೇ ಅಕ್ಕ ನನ್ನ ಕೈಯ ಪಕ್ಕ ತನ್ನ ಕೈ ಒತ್ತಿ ಹೋಗಿದ್ದಳು. "ಬಸವನಗುಡಿಯವರೆಲ್ಲ ನನ್ ಸೊಪ್ಪು ತಿಂದವ್ರೆ. ನನ್ ಕೈ ಯಾರು ನೋಡಿದಾರೆ? ಈಗ ನೋಡ್ಲಿ" ಎಂದಿದ್ದಳು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆ ಭಾನುವಾರ, ಬಿಟ್ಟ ಆಟವೆಲ್ಲ ಒಟ್ಟಿಗೇ ಸಿಕ್ಕಿದ ಹಾಗಾಯಿತು. ಮೊಣಕಾಲವರೆಗೆ ಕೆಸರು. ಬ್ಯಾಂಕಿನಿಂದ ನಿವೃತ್ತರಾದ ಅಜ್ಜರೊಬ್ಬರು ಹೆಂಗಸಿನ ಸೊಂಟದಿಂದ ಜಾರಿ ಕೆಸರಲ್ಲಿ ಕೂತುಬಿಟ್ಟು, "ಇಲ್ಲೇ ಚೆನ್ನಾಗಿದೆ, ಎಬ್ಬಿಸ್ಬೇಡಿ" ಎಂದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಮೆಂತ್ಯ ಸುರಿಯುತ್ತ, "ನಂದೇ ದಟ್ಟವಾಗಿ ಬರೋದು, ನೋಡ್ತಿರಿ" ಎಂದಳು. ನನಗೂ ಹಟ ಬಂತು. ಗಂಟು ಬಿಚ್ಚಿ ಪೂರ್ತಿ ನನ್ನ ಕೈ ಗುರುತಿಗೇ ಸುರಿದುಕೊಂಡೆ. ಅಕ್ಕನ ಕೈಗೆ ಬರೀ ಮಣ್ಣು ಸವರಿದೆ.

ಎಂಟು ದಿನಕ್ಕೆ ಅಕ್ಕ ಒಳ್ಳೆ ಸೀರೆ ಉಟ್ಟು ನೋಡಲು ಬಂದಳು. ಬೆನ್ನೆಲ್ಲ ಹಸಿರು, ಅವಳ ಕೈ ಮಾತ್ರ ಬೋಳು.

"ಇರುವೆ ತಿಂದಿರ್ಬೇಕಕ್ಕ" ಎಂದೆ.

ಅವಳು ಬಗ್ಗಿ, ನನ್ನ ಕೈಯಲ್ಲಿ ಒತ್ತೊತ್ತಾಗಿ ಹಳದಿಗೆ ತಿರುಗುತ್ತಿದ್ದ ಕೆಂಪು ದಂಟನ್ನು ಮುಟ್ಟಿದಳು. "ಇರುವೆ ನಂದು ತಿಂದು ನಿಂದ್ರಲ್ಲಿ ಬಿತ್ತಿದ್ವಾ?"

ಸುತ್ತಲಿದ್ದವರು ಗೊಳ್ಳೆಂದರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಆಗ ಬಾಯಿಬಿಟ್ಟೆ: "ಎಲ್ಲಾ ನಾನೇ ಸುರ್ಕೊಂಡೆ ಅಕ್ಕ. ನಂದೇ ಚೆನ್ನಾಗಿ ಬರ್ಲಿ ಅಂತ."

ಅವಳು ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ನನ್ನ ಸಸಿಗಳನ್ನು ಒಂದೊಂದೇ ಎಬ್ಬಿಸತೊಡಗಿದಳು. ಕಲಾವಿದೆ ಓಡಿಬಂದರು. "ಅಮ್ಮಾ, ಕೀಳ್ಬೇಡಿ!"

"ಕೀಳ್ತಿಲ್ಲ ಮೇಡಂ. ನನ್ ಕೈ ನಾನು ವಾಪಸ್ ತಗೋತಿದೀನಿ."

ಅವಳು ತನ್ನ ಕೈ ಗುರುತಿನೊಳಗೆ ಬೆರಳಿಂದ ಕುಳಿ ತೋಡಿ ನೆಟ್ಟಳು, ನಾನು ಚೊಂಬಿನಲ್ಲಿ ನೀರು ಹನಿಸಿದೆ. ಸಂಜೆವರೆಗೂ ಸಸಿಗಳು ತಲೆ ಎತ್ತಲಿಲ್ಲ. ಅವಳು ನನಗೆ ಕಾಯದೆ ಒಬ್ಬಳೇ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ಬಾಗಿಲಿಗೆ ಬಂದು, "ಬರ್ತೀಯಾ ಇಲ್ವಾ?" ಎಂದಳು. ಇಬ್ಬರೂ ಓಡಿದೆವು. ನಾಲ್ಕು ಬೆರಳಿನವು ಇನ್ನೂ ಮಲಗಿದ್ದವು, ಹೆಬ್ಬೆರಳಿನವು ಮಾತ್ರ ನೆಟ್ಟಗೆ ನಿಂತಿದ್ದವು.

ಅಕ್ಕ ವಾಕಿಂಗಿನವರೆಲ್ಲ ತಿರುಗಿ ನೋಡುವಂತೆ, ಸೊಪ್ಪು ಕೂಗುವ ದನಿಯಲ್ಲೇ ಕೂಗಿದಳು: "ಬನ್ರಪ್ಪಾ, ನೋಡ್ರಪ್ಪಾ, ನನ್ ಹೆಬ್ಬೆಟ್ಟು!"