ತಟ್ಟಿ ನೋಡುವ ಮೇಸ್ತ್ರಿ

ಊರಿಗೆ ಹೊಸದಾಗಿ ಬರುವವರು ಮನೆ ಗೊತ್ತು ಮಾಡುವ ಮುಂಚೆ ಮೇಸ್ತ್ರಿಗೊಂದು ಫೋನ್ ಮಾಡುತ್ತಿದ್ದರು. ಹೆಸರು ಕೇಳಿದವರು ಕಡಿಮೆ, ಎಲ್ಲರಿಗೂ ಅವರು ತಟ್ಟೋ ಮೇಸ್ತ್ರಿ. ಇಪ್ಪತ್ತೆರಡು ವರ್ಷ ಗಾರೆ ಕೆಲಸ ಮಾಡಿ, ಮಂಡಿ ಸವೆದು ಏಣಿ ಹತ್ತಲಾಗದೆ ಹೋದಾಗ ಮನೆ ಗಟ್ಟಿಯೋ ಅಲ್ಲವೋ ಎಂದು ನೋಡಿ ಹೇಳುವ ಈ ಕೆಲಸ ಹಿಡಿದಿದ್ದರು. ನಲ್ಲಿ ತಿರುಗಿಸಿ ನೋಡುವುದು, ಗೋಡೆಗೆ ಅಂಗೈ ಒತ್ತಿ ತೇವ ನೋಡುವುದು ಯಾರಿಗಾದರೂ ಬಂದೀತು. ಉದ್ದನೆಯ ಕೋಲಿನ ತುದಿಗೆ ಮರದ ಗುಂಡು ಸಿಕ್ಕಿಸಿಕೊಂಡು ಗೋಡೆ, ಸೀಲಿಂಗು ತಟ್ಟುತ್ತ ಹೋಗುವುದು ಮಾತ್ರ ಅವರದೇ ವಿದ್ಯೆ. ಗಟ್ಟಿ ಪ್ಲಾಸ್ಟರು ‘ಟಕ್’ ಅನ್ನುತ್ತದೆ, ಒಳಗೆ ಬಿಟ್ಟುಕೊಂಡು ಪೊಳ್ಳಾದದ್ದು ‘ಡೊಬ್’ ಅನ್ನುತ್ತದೆ. “ಸುಳ್ಳು ಹೇಳೋನು ಓನರ್ರು, ಗೋಡೆ ಅಲ್ಲ” ಎಂದು ಅವರು ನಗಿಸುತ್ತಿದ್ದರು.

ಕಲ್ಲು ಕೊಯ್ಯುವ ಮಿಷನ್ನಿನ ಪಕ್ಕದಲ್ಲಿ ಅಷ್ಟು ವರ್ಷ ಕಳೆದ ಕಿವಿ ಅದು. ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಬಾಗಿಲಿನ ಬೆಲ್ಲು.

“ಗೋಡೆಗೂ ಕಿವಿ ಇರುತ್ತಂತೆ, ನಿಮಗೇ ಇಲ್ವಲ್ರೀ” ಎಂದಳು ಹೆಂಡತಿ.

ಅವರೂ ನಕ್ಕರು. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಹೋದರೆ ಗೊತ್ತಾಗಿಬಿಡುತ್ತದಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು. ಗೋಡೆಗೆ ತುಟಿ ಎಲ್ಲಿಂದ ಬರಬೇಕು? ಅಲ್ಲಿ ಅಂದಾಜಿನ ಮೇಲೆ ನಡೆಸಿದರು. ಕೋಲು ಹಿಡಿದ ಕೈಗೆ ಬರುವ ಅದುರನ್ನೇ ನಂಬಿದರು. ಎರಡು ವರ್ಷ ಹಾಗೇ ನಡೆಯಿತು.

ಒಬ್ಬಳು ನರ್ಸ್ ಫೋನ್ ಮಾಡಿದ್ದು ಆಗಲೇ. ಮಾತಾಡಿ ವಿಳಾಸ ಬರೆದುಕೊಂಡದ್ದು ಹೆಂಡತಿ. ಬೇರೆ ಊರಿನಿಂದ ಇಲ್ಲಿಯ ಆಸ್ಪತ್ರೆಗೆ ಕೆಲಸಕ್ಕೆ ಬರುವವಳಿದ್ದಳು. ಗಂಡ ತೀರಿಕೊಂಡಿದ್ದ, ಜೊತೆಗಿದ್ದದ್ದು ಮಾವ ಒಬ್ಬರೇ. ಅವರಿಗೆ ಮೆಟ್ಟಿಲು ಹತ್ತಲಾಗದೆಂದು ನೆಲಮಹಡಿಯ ಹಳೇ ಮನೆಯೊಂದನ್ನು ನೋಡಿದ್ದಳು. ಸೀಲಿಂಗಿಗೆ ಹೊಸ ಬಣ್ಣ ಬಳಿದಿದ್ದರು. ಮೇಸ್ತ್ರಿ ಅಲ್ಲಿಗೆ ಹೋದಾಗ ಆಕೆ ಎದುರು ನಿಂತು ಹೇಳಿದಳು:

“ನಡುಮನೆ ಸರಿಯಾಗಿ ನೋಡಿ ಅಣ್ಣಾ. ಮಾವ ದಿನವಿಡೀ ಅಲ್ಲೇ ಕೂತಿರ್ತಾರೆ. ಈ ಊರಲ್ಲಿ ನಮಗೆ ಯಾರೂ ಗೊತ್ತಿಲ್ಲ, ನೀವು ಹೇಳಿದ್ದೇ ಮಾತು.”

ಮೇಸ್ತ್ರಿ ಮೂಲೆಯಿಂದ ಮೂಲೆಗೆ ತಟ್ಟಿದರು. ಕಿಟಕಿಯ ಹತ್ತಿರ ಕೈಗೆ ಏನೋ ಬೇರೆ ಅನಿಸಿತು. ಮತ್ತೊಮ್ಮೆ ತಟ್ಟಿದರು. ಕಿವಿಯೊಳಗೆ ಹತ್ತಿ ತುರುಕಿದ ಹಾಗೆ, ಏನೂ ಇಲ್ಲ. ‘ನನಗೆ ಗೊತ್ತಾಗ್ತಿಲ್ಲ’ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಆಕೆ ಮುಖವನ್ನೇ ನೋಡುತ್ತ ನಿಂತಿದ್ದಳು.

“ಗಟ್ಟಿ ಇದೆಯಮ್ಮ. ಬನ್ನಿ ಧೈರ್ಯವಾಗಿ” ಎಂದರು. ಹಾಗೇ ಕಾಗದದ ಮೇಲೂ ಬರೆದು ಸಹಿ ಹಾಕಿ ಕೊಟ್ಟರು.

ಐದು ವಾರ ಕಳೆದಿತ್ತು. ಮಧ್ಯಾಹ್ನ ಮೇಸ್ತ್ರಿಯ ಫೋನಿಗೆ ಕರೆ ಬಂತು. ಅವರಿಗೆ ಬರೀ ಗೊರಗೊರ. ಹೆಂಡತಿ ಫೋನು ಕಿತ್ತುಕೊಂಡು ಕಿವಿಗಿಟ್ಟಳು. ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು. ಇಟ್ಟಮೇಲೆ ಮೆಲ್ಲಗೆ ಹೇಳಿದಳು. ಅವರಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. ಕೊನೆಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕಾಯಿತು:

“ಸೀಲಿಂಗು ಬಿತ್ತಂತೆ! ಆ ಅಜ್ಜನ ಮೇಲೆ!”

ಮೇಸ್ತ್ರಿ ಆಸ್ಪತ್ರೆಗೆ ಹೋದರು. ನರ್ಸ್ ಕೆಲಸದ ಬಟ್ಟೆಯಲ್ಲೇ ಮಾವನ ಮಂಚದ ಪಕ್ಕ ಕೂತಿದ್ದಳು. ಅಜ್ಜನ ಸೊಂಟ ಮುರಿದಿತ್ತು, ತಲೆಗೆ ಹೊಲಿಗೆ ಬಿದ್ದಿತ್ತು. ಬೈಯುತ್ತಾಳೆ, ಬೈದರೆ ಒಳ್ಳೆಯದು ಅಂದುಕೊಂಡು ಬಂದಿದ್ದರು. ಆಕೆ ಬೈಯಲಿಲ್ಲ.

“ಅಷ್ಟು ಹೊತ್ತು ತಟ್ಟಿದ್ರಲ್ಲ ಅಣ್ಣಾ. ಒಂದು ಚೂರೂ ಗೊತ್ತಾಗ್ಲಿಲ್ವಾ?”

“ಕೇಳಲಿಲ್ಲಮ್ಮ.”

“ಯಾರನ್ನ ಕೇಳ್ಬೇಕಿತ್ತು?”

“ಯಾರನ್ನೂ ಅಲ್ಲಮ್ಮ. ನನಗೆ... ಕಿವಿ ಕೇಳಲ್ಲ. ಎರಡು ವರ್ಷ ಆಯ್ತು.”

ಆಕೆ ಏನೋ ಹೇಳಿದಳು, ಆದರೆ ಮಾವನ ಕಡೆ ತಿರುಗಿ ಹೇಳಿದಳು. ತುಟಿ ಕಾಣಲಿಲ್ಲ. ಇನ್ನೊಮ್ಮೆ ಹೇಳಮ್ಮ ಎಂದು ಕೇಳುವ ಮುಖ ಅವರಿಗಿರಲಿಲ್ಲ.

ಹಾಸಿಗೆ ಹಿಡಿದ ಅಜ್ಜ ಏಳಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಮೂರನೇ ವಾರ ಹೋಗಿಬಿಟ್ಟರು. ನರ್ಸ್ ಮನೆ ಖಾಲಿ ಮಾಡಿ, ಬಂದ ಊರಿಗೇ ಹಿಂತಿರುಗಿದಳು ಎಂದು ಎದುರು ಮನೆಯವರು ಹೇಳಿದರು.

ಮೇಸ್ತ್ರಿಗೆ ಅನ್ನ ಸೇರದಾಯಿತು. ಎರಡು ವರ್ಷದಲ್ಲಿ ತಟ್ಟಿ, ಗಟ್ಟಿ ಎಂದು ಬರೆದುಕೊಟ್ಟ ಮನೆಗಳ ವಿಳಾಸ ಹುಡುಕಿ ತೆಗೆದರು. ಮೂವತ್ತೊಂದು. ತಮ್ಮ ಜೊತೆ ಗಾರೆ ಕೆಲಸ ಮಾಡಿದ ಹಳೇ ಗೆಳೆಯನ ಕೈಕಾಲು ಹಿಡಿದರು.

“ನನ್ನ ಕಿವಿ ಹೋಯ್ತು ಕಣಯ್ಯಾ. ನಿನ್ನ ಕಿವಿ ಕೊಡು.”

“ಇಷ್ಟು ದಿನ ಬಾಯಿಗೇನಾಗಿತ್ತು ನಿಂಗೆ?” ಎಂದ ಗೆಳೆಯ. ಬೈದುಕೊಂಡೇ ಚಪ್ಪಲಿ ಮೆಟ್ಟಿದ.

ಇಬ್ಬರೂ ಮನೆ ಮನೆ ತಿರುಗಿದರು. ಪ್ರತಿ ಬಾಗಿಲಲ್ಲೂ ಮೇಸ್ತ್ರಿಯೇ ಬಾಯಿಬಿಟ್ಟು ಹೇಳಬೇಕಿತ್ತು: ನಾನು ಕಿವುಡ, ನಾನು ಬರೆದುಕೊಟ್ಟದ್ದನ್ನು ನಂಬಬೇಡಿ. ಒಬ್ಬರು ಕತ್ತಿನ ಪಟ್ಟಿ ಹಿಡಿದರು. ಒಬ್ಬರು ನೀರು ಕೊಟ್ಟು ಕೂರಿಸಿದರು, ಅದೇ ಹೆಚ್ಚು ನೋಯಿಸಿತು. ಎರಡು ಮನೆಗಳಲ್ಲಿ ಪೊಳ್ಳು ಸಿಕ್ಕಿತು. ಒಂದರಲ್ಲಿ, ಮಗುವಿನ ತೊಟ್ಟಿಲ ನೇರಕ್ಕೆ ಮೇಲೆ. ಗೆಳೆಯ ಕೋಲಿನಿಂದ ಮೀಟಿದಾಗ ಅಂಗೈ ದಪ್ಪದ ಪ್ಲಾಸ್ಟರಿನ ತುಂಡು ಕಳಚಿ ನೆಲಕ್ಕೆ ಬಿತ್ತು. ಆ ಸದ್ದು ಮೇಸ್ತ್ರಿಗೂ ಕೇಳಿಸಿತು.

ಉಳಿದದ್ದು ಏಳು ಮನೆ. ಅಲ್ಲಿ ಇವರನ್ನು ಯಾರೂ ಒಳಗೆ ಬಿಡಲಿಲ್ಲ. ಮಳ್ಳ, ಏನೋ ಹೊಸ ನಾಟಕ ಎಂದರು. ಗೆಳೆಯನಿಗೂ ಸಾಕಾಯಿತು. “ಇನ್ನು ನಿನ್ನ ಕರ್ಮ” ಎಂದು ಅವನು ಬರುವುದನ್ನು ಬಿಟ್ಟ.

ಮೇಸ್ತ್ರಿ ಈಗಲೂ ಹೋಗುತ್ತಾರೆ, ಒಬ್ಬರೇ. ಮೊನ್ನೆ ಆ ಏಳರಲ್ಲಿ ಒಂದು ಮನೆಯ ಕಿಟಕಿಯಾಚೆ ನಿಂತರು. ಒಳಗೆ ಹೆಂಗಸೊಬ್ಬಳು ಬಟ್ಟೆ ಮಡಚುತ್ತಿದ್ದಳು, ಇಬ್ಬರು ಮಕ್ಕಳು ಚಾಪೆಯ ಮೇಲೆ ಬರೆಯುತ್ತಿದ್ದರು. ಮೇಸ್ತ್ರಿ ಗಾಜು ಬಡಿದು, ಸೀಲಿಂಗಿನ ಕಡೆ ಬೆರಳು ತೋರಿಸಿ ಕೂಗಿದರು. ಆಕೆ ತಲೆಯೆತ್ತಿ, ಏನೂ ಬೇಡ ಎಂದು ಕೈಯಾಡಿಸಿ, ಪರದೆ ಎಳೆದಳು.